ಮೊದಲೇ ಬೆಚ್ಚಗಿದ್ದ ಎಂಜಿನ್

ಮನೆಯಿಂದ,
ಮಂಗಳವಾರ, ೧೪ನೇ ತಾರೀಕು

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಆಪರೇಷನ್ ಆದಮೇಲೆ ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ್ದರೂ ಟೆರೇಸಿಗೆ ಹೋಗಿ ನೀರಿನ ಪಂಪು ಬಿಚ್ಚಿಕೊಂಡು ಕೂತಿದ್ದಿರಂತೆ. ಅಕ್ಕ ಫೋನಿನಲ್ಲಿ ನನ್ನ ಮೇಲೆ ರೇಗಾಡಿದಳು. ಅವಳ ಮನೆಯಲ್ಲಿರುವಷ್ಟು ದಿನವಾದರೂ ಸುಮ್ಮನೆ ಕೂತಿರಿ.

ಬೋಟು ಕೊಂಡೆವು. ರಜೆಯ ದಿನ ಹಿನ್ನೀರಿನಲ್ಲಿ ಸುತ್ತಾಡಲು, ನಾನೂ ಆಫೀಸಿನ ಸಾಹೇಬರೂ ಸೇರಿ. ಯಾವುದನ್ನು ಕೊಂಡೆವೆಂದು ಹೇಳಲು ನಾಚಿಕೆಯಾಗುತ್ತದೆ. ನೋಡಿದ್ದು ಎರಡು, ಎರಡೂ ಸೆಕೆಂಡ್ ಹ್ಯಾಂಡ್. ಮೊದಲನೆಯದು ಒಬ್ಬ ರಿಟೈರ್ಡ್ ಮೇಷ್ಟ್ರದು. ಬಣ್ಣ ಮಾಸಿದೆ, ಸೀಟಿಗೆ ತೇಪೆ ಹಾಕಿದೆ. ಆದರೆ ತಣ್ಣಗಿದ್ದ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮುಚ್ಚಳ ಎತ್ತಿದರೆ ಒಳಗೆ ಸರ್ವಿಸ್ ಮಾಡಿದ ತಾರೀಕುಗಳು, ಕೆಂಪು ಬಣ್ಣದಲ್ಲಿ, ನಿಮ್ಮದೇ ಕೈಬರಹ! ಮೇಷ್ಟ್ರು ನನ್ನನ್ನೇ ದಿಟ್ಟಿಸಿ, "ಎಂಜಿನ್ ಮೇಲೆ ಕೈಯಿಡೋದು ಥೇಟ್ ನಮ್ಮ ಬೋಟ್ ರಿಪೇರಿ ಮೇಸ್ತ್ರಿ ಥರಾನೇ ಇದೆಯಲ್ಲ, ನೀವು ಅವರ ಮಗನಾ?" ಎಂದರು. ಪಕ್ಕದಲ್ಲೇ ಸಾಹೇಬರಿದ್ದರು. ನೀವು ದೊಡ್ಡ ಕಂಪನಿಯ ಇಂಜಿನಿಯರ್ ಎಂದು ನಾನು ಆಫೀಸಿನಲ್ಲಿ ಬಡಾಯಿ ಕೊಚ್ಚುತ್ತ ಎಂಟು ವರ್ಷವಾಯಿತು. "ಅಲ್ಲ, ಯಾವ ಮೇಸ್ತ್ರಿನೋ ನಂಗೊತ್ತಿಲ್ಲ" ಅಂದುಬಿಟ್ಟೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಎರಡನೆಯದು ಬೆಳ್ಳಗೆ ಫಳಫಳ ಹೊಳೆಯುತ್ತಿತ್ತು, ಸೀಟೆಲ್ಲ ಹೊಸದು. ಸಾಹೇಬರು ಆಗಲೇ ಸ್ಟಿಯರಿಂಗ್ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಎಂಜಿನ್ ಮುಟ್ಟಿದೆ, ಬೆಚ್ಚಗಿತ್ತು. "ನಾವು ಹೋಗೋ ಮೊದ್ಲೇ ಬಿಸಿ ಇದ್ರೆ, ತಣ್ಣಗಿದ್ದಾಗ ಸ್ಟಾರ್ಟ್ ಆಗಲ್ಲ ಅಂತ ಕಣೋ, ತಿರುಗಿ ನೋಡ್ದೆ ಬಂದ್ಬಿಡು" ಎಂದು ನೀವು ಸಾವಿರ ಸಲ ಹೇಳಿದ್ದೀರಿ. ಅದನ್ನು ಬಾಯಿಬಿಟ್ಟು ಹೇಳಿದ್ದರೆ, ಇದನ್ನೆಲ್ಲ ಯಾರು ಕಲಿಸಿದರು ಎಂದು ಸಾಹೇಬರು ಕೇಳುತ್ತಿದ್ದರು. ನನ್ನ ಪಾಲಿನ ದುಡ್ಡು ಎಣಿಸಿಕೊಟ್ಟೆ, ಅದನ್ನೇ ಕೊಂಡೆವು.

ಮೊನ್ನೆ ಭಾನುವಾರ ನಡುನೀರಿನಲ್ಲಿ ನಿಲ್ಲಿಸಿ, ಊಟ ಮಾಡಿ ಹರಟೆ ಹೊಡೆಯುವಷ್ಟರಲ್ಲಿ ಎಂಜಿನ್ ತಣ್ಣಗಾಯಿತು. ಆಮೇಲೆ ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಬಿಸಿಲಿಗೆ ಸಾಹೇಬರ ಮಕ್ಕಳು ಅಳತೊಡಗಿದವು. ಕೊನೆಗೆ ಹಗ್ಗ ಕಟ್ಟಿ ದಡಕ್ಕೆಳೆದು ತಂದವರು ಅದೇ ಮೇಷ್ಟ್ರು, ಅದೇ ಹಳೇ ಬೋಟಿನಲ್ಲಿ. ಬೈದಿದ್ದರೂ ವಾಸಿಯಿತ್ತು. ಬೈಯದೆ, ಕುಡಿಯಲು ನೀರು ಕೊಟ್ಟರು.

ಮಾತ್ರೆ ತಪ್ಪಿಸಬೇಡಿ. ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸಿ. ನಿಮ್ಮ ಕಾಲು ಮುಟ್ಟುವ ಯೋಗ್ಯತೆ ಉಳಿಸಿಕೊಂಡಿದ್ದೇನೋ ಇಲ್ಲವೋ, ಆದರೂ ಮುಟ್ಟುತ್ತಿದ್ದೇನೆ.

ನಿಮ್ಮ ಮಗ

ತಾ.ಕ.: ಮೇಲೆ ಬರೆದದ್ದು ಅರ್ಧ ಮಾತ್ರ. ಮೇಷ್ಟ್ರ ಬೋಟು ನೋಡಿದ ದಿನ, ಸಾಹೇಬರು ಕಾರಿನ ಕಡೆ ಹೋದಮೇಲೆ ಮೇಷ್ಟ್ರು, "ಹಾಗಾದ್ರೆ ನಿಮ್ಮ ತಂದೆ ಏನ್ ಮಾಡ್ತಾರೆ?" ಎಂದು ಕೇಳಿದರು. ತೀರಿಕೊಂಡು ಬಹಳ ವರ್ಷವಾಯಿತು ಎಂದೆ. ಪಾಪ, ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು. ಬೋಟು ಮಾರುವ ಮೊದಲು ಮೇಸ್ತ್ರಿಯನ್ನು ಒಂದು ಮಾತು ಕೇಳಬೇಕೆಂದು ಈ ಭಾನುವಾರ ಅವರು ಅಕ್ಕನ ಮನೆಗೆ ಬರುತ್ತಿದ್ದಾರೆ; ಮೇಸ್ತ್ರಿ ಈಗ ಮಗಳ ಮನೆಯಲ್ಲಿದ್ದಾರೆಂದು ಮೊನ್ನೆ ದಡದಲ್ಲಿ ಅವರೇ ಹೇಳಿದರು. ನಾನೂ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮ ಸ್ವಭಾವ ನನಗೆ ಗೊತ್ತು. ನನ್ನ ಮರ್ಯಾದೆ ಉಳಿಸಲು, ಇವನು ಯಾರೋ ಗೊತ್ತಿಲ್ಲ ಎಂದುಬಿಡುತ್ತೀರಿ. ಹಾಗೆ ಮಾತ್ರ ಅನ್ನಬೇಡಿ ಅಪ್ಪಾ.