ಇರುವೆಗೂಡಿನ ಹಕ್ಕಿ

ಗೋರೆಗಾಂವ್, ಮಂಗಳವಾರ

ತಂಗಿ ಕಸ್ತೂರಿಗೆ ಅಣ್ಣನ ಅಕ್ಕರೆಯ ಆಶೀರ್ವಾದ.

ನಮ್ಮ ಬಿಲ್ಡಿಂಗಿನ ಹಿಂದೆ, ಕಾಡಂಚಿನ ಮರಕ್ಕೆ ಬರುವ ಹಕ್ಕಿ ಯಾವುದೆಂದು ಕೇಳಿದ್ದೆಯಲ್ಲ, ಇವತ್ತು ಪುಸ್ತಕ ನೋಡಿ ಗುರುತು ಹಿಡಿದೆ. ಮೈಯೆಲ್ಲ ಕಂದು, ರೆಕ್ಕೆಗೆ ಕಪ್ಪು ಪಟ್ಟೆ. ಕಂದು ಮರಕುಟಿಗ. ಕೊಂಬೆಗೆ ಇರುವೆಗಳು ಕಟ್ಟಿದ ಗೂಡನ್ನೇ ಕೊರೆದು ಅದರೊಳಗೆ ಮರಿ ಮಾಡುತ್ತದಂತೆ. ನನಗೇನು ಗೊತ್ತು? ಆ ಮರದ ಇರುವೆ ಕಚ್ಚುತ್ತವೆಂದು ಬಿಲ್ಡಿಂಗಿನ ಸೊಸೈಟಿಗೆ ಅರ್ಜಿ ಬರೆದವನು ನಾನೇ. ನಿನ್ನೆ ಔಷಧ ಹೊಡೆಯಲು ಬಂದವನು ನಮ್ಮ ಇಂಡಿ ಕಡೆಯವನು. "ಇನ್ನ ಒಂದ್ ಇರಿವಿನೂ ಉಳಿಯಂಗಿಲ್ಲ ನೋಡ್ರಿ ಕಾಕಾ" ಅಂದ. ಖುಷಿಯಿಂದ ಚಹಾ ಕುಡಿಸಿ ಕಳಿಸಿದೆ.

ಬೆಳಿಗ್ಗೆಯಿಂದ ಗಂಡು ಹೆಣ್ಣು ಎರಡೂ ಹಕ್ಕಿ ಗುಟುಕು ತಂದು ಆ ಗೂಡಿನ ತೂತಿನ ಬಾಯಿಗೆ ಕೂರುತ್ತವೆ. ಒಳಗಿಂದ ದನಿಯೇ ಇಲ್ಲ. ಹಾಗೇ ಹಾರಿಹೋಗುತ್ತವೆ.

ಇರುವೆ ಕಚ್ಚಿದ ಕಾಲಿನ ಬಾವು ಇಳಿದಿದೆ, ಚಿಂತಿಸಬೇಡ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅಗೋ, ಮತ್ತೆ ಬಂದವು.

ನಿನ್ನ ಅಣ್ಣ,
ಶಿವಪುತ್ರಪ್ಪ