ವಿಮೆಯವರಿಗೆ ‘ಆರಾಮ’ ಎನ್ನಬೇಡ

ಅಪ್ಪಾ,

ಇವತ್ತು ಲಾಯರಮ್ಮನ ಕಚೇರಿಯಲ್ಲಿ ನಿನ್ನ ಪರವಾಗಿ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕು. ಅಷ್ಟು ಜನರ ಮುಂದೆ ನನ್ನ ದನಿಯೇ ಹೊರಡದಿದ್ದರೆ ಎಂಬ ಭಯ. ಡೈರಿಗೆ ಮಾತ್ರ ಹೇಳಿಕೊಂಡಿದ್ದೆ, ಈಗ ನಿನಗೂ ಹೇಳಿದೆ.

ಬೀನ್ಸ್ ಒಲೆಯ ಮೇಲಿದೆ. ಜೋಳದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಮಾತ್ರೆ ಮೇಜಿನ ಮೇಲೇ ಇದೆ, ಯಾವುದಕ್ಕೂ ಬಗ್ಗಬೇಡ.

ಲಾರಿ ಕಂಪನಿಯ ವಿಮೆಯವರು ಫೋನ್ ಮಾಡಿದರೆ ಎತ್ತಲೇಬೇಡ. ಲಾರಿ ಗುದ್ದಿದ ಮೂರನೇ ದಿನ ಅವರು “ಹೇಗಿದ್ದೀರಿ?” ಎಂದಾಗ ನೀನು ಮರ್ಯಾದೆಗೆ “ಆರಾಮ ಕಣ್ರೀ, ನೀವು?” ಅಂದೆಯಲ್ಲ, ಅದನ್ನೇ ರೆಕಾರ್ಡ್ ಮಾಡಿಕೊಂಡು ನಿನ್ನ ಬೆನ್ನಿಗೆ ಏನೂ ಆಗಿಲ್ಲ ಎನ್ನುತ್ತಿದ್ದಾರೆ. ಲಾಯರಮ್ಮ ವರ್ನಾ ಬೈಯಲಿಲ್ಲ. “ನಮ್ಮ ಕೆಂಟಕಿ ಜನ ಶವಪೆಟ್ಟಿಗೇಲಿ ಮಲಗಿದ್ರೂ ಆರಾಮ ಅಂತಾರೆ, ನಿಮ್ಮಪ್ಪ ಒಬ್ಬನೇನಾ!” ಎಂದು ನಕ್ಕರು. ಅಣ್ಣನ ಹೊಡೆದಾಟದ ಕೇಸು, ಅತ್ತೆಯ ವಿಚ್ಛೇದನ, ಈಗ ನಿನ್ನ ಬೆನ್ನು. ನಮ್ಮ ಮನೆಯ ಕಷ್ಟವೆಲ್ಲ ಅವರೊಬ್ಬರ ಕಪಾಟಿನಲ್ಲಿದೆ. ಆ ಪುಣ್ಯಾತ್ಗಿತ್ತಿ ಒಮ್ಮೆಯೂ ಮುಖ ಸಿಂಡರಿಸಿಲ್ಲ. ಹಿತ್ತಲಿನ ಟೊಮೇಟೊ ಒಂದು ಬುಟ್ಟಿ ಅವರಿಗೆ ಒಯ್ಯುತ್ತಿದ್ದೇನೆ, ಹುಡುಕಬೇಡ.

ಈಗಷ್ಟೇ ಲಾಯರಮ್ಮನೇ ಫೋನ್ ಮಾಡಿ, “ಏನಮ್ಮಾ ಡೀನಾ, ಮನೇಲೆಲ್ಲ ಹೇಗಿದ್ದೀರಿ?” ಎಂದರು. ನಿನ್ನ ಮಗಳಲ್ಲವೇ, ‘ಆರಾಮ’ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅದನ್ನು ನುಂಗಿಕೊಂಡೆ. ಬೇಜಾರು ಮಾಡಿಕೊಳ್ಳಬೇಡ ಅಪ್ಪಾ, ಗಟ್ಟಿಯಾಗಿ ಹೇಳಿಬಿಟ್ಟೆ:

“ಇಲ್ಲ ಮೇಡಂ. ನಮಗೆ ಕೇಳಿಸದಿರಲಿ ಅಂತ ಅಪ್ಪ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾರೆ.”