ನಮ್ಮ ಗಟಾರದಲ್ಲಿ ತಮ್ಮ ಗಾಂಜಾ

ಗಾಂಜಾ ತಡೆ ವಿಶೇಷ ದಳದ ಮಾನ್ಯ ಸಾಹೇಬರೇ,

ಹಳಿಯಾಳದ ನಮ್ಮ ಓಣಿಯ ಗಟಾರದಿಂದ ತಾವು ತುಂಬಿಕೊಂಡು ಹೋದ ಒಂದು ಬಾಟಲಿ ನೀರು ನನ್ನ ಅಣ್ಣ ಸುದೀಪನ ಕೆಲಸ ಕಳೆದಿದೆ. ಅವನು ಶಾಲೆಯ ಮಕ್ಕಳ ಟೆಂಪೋ ಓಡಿಸುತ್ತಿದ್ದ. ನೀರಿನಲ್ಲಿ ಗಾಂಜಾ ಸಿಕ್ಕಿತೆಂದು ತಾವು ಅಣ್ಣನೂ ಸೇರಿ ಓಣಿಯ ಹತ್ತೊಂಬತ್ತು ಜನರ ಪಟ್ಟಿ ಮಾಡಿ, ಸಮಾಜ ಮಂದಿರದಲ್ಲಿ ಎಲ್ಲರೆದುರು ಓದಿದಿರಿ. ಮರುದಿನವೇ ಶಾಲೆಯವರು ಕೀಲಿಕೈ ವಾಪಸು ಪಡೆದರು. ಅಣ್ಣ ಎಲೆ-ಅಡಿಕೆ ಕೂಡ ಹಾಕುವವನಲ್ಲ. ಆದರೆ ಬಾಟಲಿಯ ಮುಂದೆ ಮನುಷ್ಯನ ಮಾತಿಗೆ ಏನು ಬೆಲೆ?

"ಪರದೇಶದಾಗ ಹಿಂಗ ಹಿಡೀತಾರ. ಗಟಾರ ಸುಳ್ಳು ಹೇಳಂಗಿಲ್ಲ" ಎಂದು ತಾವು ಪತ್ರಿಕೆಯ ತುಂಡೊಂದನ್ನು ಎತ್ತಿ ತೋರಿಸಿದಿರಿ. ಹೋಗುವಾಗ ಅದನ್ನು ಕುರ್ಚಿಯ ಮೇಲೆಯೇ ಮರೆತಿರಿ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಓದಿ ಮುಗಿಸಲು ಎರಡು ದಿನ ಹಿಡಿಯಿತು. ತಮಗೆ ಅಷ್ಟು ಸಮಯ ಸಿಕ್ಕಿರಲಿಕ್ಕಿಲ್ಲ. ಪರದೇಶದಲ್ಲಿ ಇಡೀ ಊರಿನ ಕೊಳೆನೀರು ಕೂಡುವ ಜಾಗದಲ್ಲಿ ನೀರು ತೆಗೆಯುತ್ತಾರಂತೆ. ಹುಡುಕುವುದು ಗಾಂಜಾ ಸೊಪ್ಪನ್ನಲ್ಲ, ಮೈಯೊಳಗೆ ಹಾದು ಮೂತ್ರದಲ್ಲಿ ಹೊರಬಂದ ಅಂಶವನ್ನು. ಊರಲ್ಲಿ ಚಟ ಏರಿತೋ ಇಳಿಯಿತೋ, ಔಷಧೋಪಚಾರ ಎಲ್ಲಿ ಬೇಕು ಎಂದು ತಿಳಿಯುವುದಕ್ಕೆ. ಯಾರ ಹೆಸರೂ ಅದರಿಂದ ಗೊತ್ತಾಗುವುದಿಲ್ಲವಂತೆ. ತಮ್ಮ ಬಾಟಲಿ ಮಾತ್ರ ಹತ್ತೊಂಬತ್ತು ಹೆಸರನ್ನು, ಅದೂ ಅಡ್ಡಹೆಸರಿನ ಸಮೇತ, ಹೇಗೆ ಹೇಳಿತು?

ಗಾಂಜಾ ಎಲ್ಲಿಂದ ಬಂತೆಂದು ನಾನು ಹೇಳುತ್ತೇನೆ. ನಮ್ಮ ಅವ್ವ ಗಂಗಿಬಾಯಿ ಹಳೆಯ ಗೋಣಿಚೀಲ ಕೊಂಡು, ಒಗೆದು, ಹೊಲಿದು, ಭತ್ತದ ವ್ಯಾಪಾರಿಗಳಿಗೆ ಮಾರುತ್ತಾಳೆ. ಕಳೆದ ತಿಂಗಳು ತಮ್ಮ ದಳ ಹಿಡಿದ ಗಾಂಜಾವನ್ನು ಸುಟ್ಟಿತು. ಚೀಲಗಳನ್ನು ಸುಡಲು ಮನಸ್ಸಾಗದೆ ಹರಾಜಿಗಿಟ್ಟಿತು. ಅರವತ್ತು ಚೀಲ ಅವ್ವ ತಂದಳು. ಸೋಮವಾರ ಅವನ್ನು ಝಾಡಿಸಿ ಒಗೆದಳು. ಹೊಲಿಗೆಯ ಸಂದಿಯಲ್ಲಿದ್ದ ಪುಡಿಯೆಲ್ಲ ಗಟಾರ ಸೇರಿತು. ಅದೇ ಮಧ್ಯಾಹ್ನ ತಮ್ಮ ಬಾಟಲಿ ಬಂತು.

ಒಗೆಯದೆ ಉಳಿದ ಒಂದು ಚೀಲ ಹಿಡಿದು ಅವ್ವ ತಮ್ಮ ಕಚೇರಿಗೇ ಬಂದಳು.

"ಗಟಾರ ಖರೇನ ಹೇಳೈತ್ರಿ ಸಾಹೇಬ್ರ. ನಿಮ್ಮ ಚೀಲದ ಸುದ್ದಿ ಹೇಳೈತಿ."

"ಬಾಯಿ ಭಾಳ ಐತಿ ನಿನಗ" ಎಂದಿರಿ.

"ಬಾಯಿ ಒಂದ ಐತ್ರಿ, ಚೀಲ ಅರವತ್ತು. ಇದರ ಮ್ಯಾಲ ನಿಮ್ಮ ದಳದ ಶಿಕ್ಕಾ-ಮುದ್ರಿ ಐತಿ. ಝಾಡಿಸಿ ತೋರಸ್ಲೇನ್ರಿ?"

ತಾವು ಕುರ್ಚಿ ಹಿಂದಕ್ಕೆ ಸರಿಸಿದಿರಿ. ಪಟ್ಟಿ ಮಾತ್ರ ಸರಿಯಲಿಲ್ಲ.

ಚಟದವರು ನಮ್ಮಲ್ಲಿ ಇಲ್ಲವೆಂದು ನಾನು ಹೇಳುವುದಿಲ್ಲ. ಇದ್ದಾರೆ. ಅವರ ತಾಯಂದಿರು ಡಾಕ್ಟರು ಎಲ್ಲಿ ಸಿಗುತ್ತಾರೆಂದು ಕೇಳುತ್ತಾರೆ. ಪಟ್ಟಿ ಮಾಡಿಕೊಡಿ ಎಂದು ಯಾರೂ ಕೇಳಿಲ್ಲ.

ಪರೀಕ್ಷೆ ಬೇಕಿದ್ದರೆ ಇಡೀ ಊರಿನ ನೀರು ತೆಗೆಯಿರಿ, ತಮ್ಮ ವಸತಿಗೃಹಗಳದ್ದೂ ಸೇರಲಿ. ಈ ಪಟ್ಟಿಯನ್ನು ರದ್ದು ಮಾಡಿ ಶಾಲೆಗೆ ಬರೆದುಕೊಡಿ. ಬರೀ ಕಾಗದ ನೋಡಿ ಮಕ್ಕಳ ತಂದೆತಾಯಿ ನಂಬದಿದ್ದರೆ, ಮೊದಲ ದಿನ ತಾವೇ ಟೆಂಪೋದಲ್ಲಿ ಅಣ್ಣನ ಪಕ್ಕ ಕೂತು ಬರಬೇಕು. ಹದಿನೆಂಟು ಮಕ್ಕಳು ದಾರಿಯುದ್ದಕ್ಕೂ ಮಗ್ಗಿ ಕೂಗುತ್ತಾರೆ. ಹದಿನೇಳರ ಮಗ್ಗಿಯಲ್ಲಿ ಎಲ್ಲರೂ ತಪ್ಪಿ, ಮುಂದೆ ಕೂತ ದೊಡ್ಡವರನ್ನೇ ಕೇಳುತ್ತಾರೆ. ದಯವಿಟ್ಟು ಕಲಿತುಕೊಂಡು ಬನ್ನಿ.

ಇಂತಿ,
ಪಟ್ಟಿಯಲ್ಲಿ ಹೆಸರಿಲ್ಲದ ಕಾರಣಕ್ಕೆ, ತಮಗೆ ಹೆಸರು ಕೊಟ್ಟವಳು ಇವಳೇ ಎಂದು ಈಗ ಓಣಿಯವರ ಅನುಮಾನಕ್ಕೆ ಗುರಿಯಾಗಿರುವ
ತುಳಜಾ